ಬಿಸಿಲಿಗೆ ಬಿಗಿಯುವ ಬಾಗಿಲು

ಏಪ್ರಿಲ್ ತಿಂಗಳ ಸಂಜೆ ಐದು ಗಂಟೆ. ರಾಜಾಜಿನಗರದ ಯಾವುದೋ ಒಂದು ಕ್ರಾಸು. ಕಚೇರಿಯಿಂದ ಬಂದ ಯಜಮಾನರು ಮನೆಯೆದುರು ಕಾರು ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆಯುತ್ತಾರೆ. ಪರೀಕ್ಷೆ ಮುಗಿಸಿ ರಜೆಯ ಗುಂಗಿನಲ್ಲಿರುವ ಮಗ ಓಡಿಬಂದು ಶೆಡ್ಡಿನ ಶಟರಿಗೆ ಕೈಹಾಕುತ್ತಾನೆ. ಕಬ್ಬಿಣ ಕಾದ ಹೆಂಚಿನಂತಿದೆ. ಅಂಗಿಯ ಅಂಚಿನಲ್ಲಿ ಹಿಡಿದು ಎತ್ತಿದರೆ ಶಟರ್ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಡುತ್ತದೆ. ಒಂದು ಮೂಲೆ ಮೇಲೆ, ಇನ್ನೊಂದು ಮೂಲೆ ಕೆಳಗೆ.

'ಬಿಸಿಲಿಗೆ ಹಿಗ್ಗಿದೆ ಕಣೋ, ಜೋರಾಗಿ ಎಳಿ' ಎನ್ನುತ್ತಾರೆ ತಂದೆ. ಅಡುಗೆಮನೆಯಿಂದ ಒಂದು ಸೌಟು ಎಣ್ಣೆ ಬರುತ್ತದೆ. ಎಣ್ಣೆ ಸುರಿದು, ಇಬ್ಬರೂ ಸೇರಿ ಎಳೆದು, ಒದ್ದು, ಅಂತೂ ಬಾಗಿಲು ತೆರೆಯುತ್ತದೆ. ಹದಿನೈದು ದಿನ ಕಳೆದರೆ ಮತ್ತೆ ಅದೇ ಕಥೆ.

ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ, ಎಲ್ಲಿ ಹೋದರೂ ಬೇಸಿಗೆಯಲ್ಲಿ ಈ ದೃಶ್ಯ ಅಪರೂಪವಲ್ಲ. ಇಪ್ಪತ್ತು-ಮೂವತ್ತು ಅಥವಾ ಮೂವತ್ತು-ನಲವತ್ತು ಅಡಿಯ ನಿವೇಶನ, ಮುಂಭಾಗದಲ್ಲಿ ಕಾರಿಗೋ ಸ್ಕೂಟರಿಗೋ ಒಂದು ಶೆಡ್ಡು, ಅದಕ್ಕೊಂದು ಸುರುಳಿ ಶಟರ್ ಇಲ್ಲವೆ ಜಾರುವ ಕಬ್ಬಿಣದ ಗೇಟು. ಮನೆಯ ಗೋಡೆಗೆ ಬಣ್ಣ, ಗಾಡಿಗೆ ಸರ್ವಿಸಿಂಗ್ ಎಂದು ಖರ್ಚು ಮಾಡುವವರು ಈ ಬಾಗಿಲಿನತ್ತ ತಿರುಗಿ ನೋಡುವುದು ಅದು ಕೈಕೊಟ್ಟಾಗಲೇ. ದಿನಕ್ಕೆ ನಾಲ್ಕಾರು ಬಾರಿ ಅದನ್ನು ಎಳೆಯುವವರು ಹೆಚ್ಚಾಗಿ ಮನೆಯ ಮಕ್ಕಳೇ ಎಂಬುದು ಮಾತ್ರ ನೆನಪಿರುವುದಿಲ್ಲ.

ಹಾಗಾದರೆ ಬಾಗಿಲು ಬಿಗಿಯಲು ನಿಜವಾಗಿ ಬಿಸಿಲೇ ಕಾರಣವೇ?

ಒಂದು ಲೆಕ್ಕ ಮಾಡಿ ನೋಡಿ

ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಎಷ್ಟು ಹಿಗ್ಗುತ್ತದೆ? ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು 0.012 ಮಿಲಿಮೀಟರ್ ಬೆಳೆಯುತ್ತದೆ. ಈಗ ಮನೆಯ ಶಟರಿಗೆ ಬರೋಣ. ಅದರ ಒಂದು ಅಡ್ಡಪಟ್ಟಿಯ ಉದ್ದ ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ನಸುಕಿನ ತಾಪ ಸುಮಾರು 22 ಡಿಗ್ರಿ. ಮಧ್ಯಾಹ್ನ ಗಾಳಿಯ ತಾಪ 35 ಇದ್ದರೂ ನೇರ ಬಿಸಿಲಿಗೆ ಒಡ್ಡಿಕೊಂಡ ಕಡುಬಣ್ಣದ ಕಬ್ಬಿಣದ ಮೈ 60 ಡಿಗ್ರಿ ಮುಟ್ಟುವುದು ಆಶ್ಚರ್ಯವಲ್ಲ. ವ್ಯತ್ಯಾಸ ಸುಮಾರು 40 ಡಿಗ್ರಿ. ಎರಡೂವರೆಯನ್ನು 0.012ರಿಂದ, ಅದನ್ನು 40ರಿಂದ ಗುಣಿಸಿದರೆ ಬರುವ ಉತ್ತರ 1.2 ಮಿಲಿಮೀಟರ್.

ಅಂದರೆ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲಿನಲ್ಲಿ ಒಂದು ಸಣ್ಣ ಗೆರೆಗಿಂತ ತುಸು ಹೆಚ್ಚು. ಅಷ್ಟೆ!

ಶಟರಿನ ಪಟ್ಟಿಗಳು ಎರಡೂ ಬದಿಯ ಚಾನಲ್ಲಿನೊಳಗೆ ಓಡಾಡುತ್ತವೆ. ಸರಿಯಾಗಿ ಕೂರಿಸಿದ ಶಟರಿನಲ್ಲಿ ಪಟ್ಟಿಯ ತುದಿಗೂ ಚಾನಲ್ಲಿನ ತಳಕ್ಕೂ ನಡುವೆ ಕೆಲವು ಮಿಲಿಮೀಟರ್ ಜಾಗ ಇದ್ದೇ ಇರುತ್ತದೆ. ಒಂದೂಕಾಲು ಮಿಲಿಮೀಟರ್ ಹಿಗ್ಗನ್ನು ಅದು ಸುಲಭವಾಗಿ ನುಂಗಿಕೊಳ್ಳಬೇಕು. ಇದೇ ಉಪಾಯವನ್ನು ಊರ ತುಂಬ ಕಾಣಬಹುದು. ಅತ್ತಿಗುಪ್ಪೆ, ವಿಜಯನಗರ, ಹೊಸಹಳ್ಳಿಗಳಲ್ಲಿ ಮೆಟ್ರೊ ಸೇತುವೆಯ ಕೆಳಗೆ ನಿಂತು ಕತ್ತೆತ್ತಿದರೆ ಕಂಬದ ಮೇಲೆ ಒಂದು ಅಂಕಣ ಮುಗಿದು ಇನ್ನೊಂದು ಆರಂಭವಾಗುವಲ್ಲಿ ಸಂದು ಬಿಟ್ಟಿರುವುದು ಕಾಣುತ್ತದೆ. ಹಿಂದೆ ರೈಲು ಹಳಿಗಳ ನಡುವೆಯೂ ಹೀಗೇ ಸಂದು ಇರುತ್ತಿತ್ತು. 13 ಮೀಟರ್ ಉದ್ದದ ಒಂದು ಹಳಿ 40 ಡಿಗ್ರಿ ಬಿಸಿಯಾದರೆ ಆರು ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಹಳೆಯ ರೈಲಿನ 'ಟಕ್-ಟಕ್' ಸದ್ದು ಆ ಸಂದುಗಳದ್ದೇ.

ಆದ್ದರಿಂದ ಬಿಸಿಲಿನ ಪಾಲು ಒಂದು ಮಿಲಿಮೀಟರ್ ಮಾತ್ರ. ಉಳಿದದ್ದು ನಾವು ಮಾಡಿಕೊಂಡದ್ದು. ಇದ್ದ ಜಾಗವನ್ನು ಏನೋ ತುಂಬಿಕೊಂಡಿದ್ದರೆ, ಅಥವಾ ಪಟ್ಟಿಗಳು ಒಂದು ಬದಿಗೆ ಸರಿದು ಆ ಜಾಗವನ್ನು ತಿಂದುಹಾಕಿದ್ದರೆ, ಆಗ ಈ ಒಂದು ಮಿಲಿಮೀಟರೇ ಕೊನೆಯ ಹುಲ್ಲುಕಡ್ಡಿಯಾಗುತ್ತದೆ.

ಮಧ್ಯಾಹ್ನಕ್ಕಿಂತ ಸಂಜೆಯೇ ಏಕೆ?

ಬಿಸಿಲು ಹೆಚ್ಚಿರುವುದು ಮಧ್ಯಾಹ್ನ ಹನ್ನೆರಡಕ್ಕೆ, ಬಾಗಿಲು ಹಟ ಮಾಡುವುದು ಸಂಜೆ. ಇದಕ್ಕೂ ಕಾರಣವಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆಗ ನೆರಳೇ ಇಲ್ಲ. ಅಂದಮೇಲೆ ನೆಟ್ಟಗೆ ನಿಂತ ಬಾಗಿಲಿಗೂ ಆ ಹೊತ್ತಿನಲ್ಲಿ ನೇರ ಬಿಸಿಲು ತಾಗುವುದು ಅಷ್ಟಕ್ಕಷ್ಟೇ. ಮೂರು ಗಂಟೆಯ ಅನಂತರ ಸೂರ್ಯ ಪಶ್ಚಿಮಕ್ಕೆ ವಾಲಿದಂತೆ ಪಡುವಣ ದಿಕ್ಕಿನ ಬಾಗಿಲಿಗೆ ಬಿಸಿಲು ಎದುರಿನಿಂದಲೇ ಹೊಡೆಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ಮನೆಗಳ ದೂರು ಹೆಚ್ಚಿರುವುದು ಅದಕ್ಕೇ.

ಇನ್ನೊಂದು ಸೂಕ್ಷ್ಮವೂ ಇದೆ. ಬಾಗಿಲಿನ ಹೊರಮೈ ಕಾದು ಒಳಮೈ ನೆರಳಿನಲ್ಲಿ ತಂಪಾಗಿದ್ದರೆ, ಹೊರಗಿನ ಭಾಗ ಹೆಚ್ಚು ಹಿಗ್ಗಿ ಬಾಗಿಲು ಬಿಲ್ಲಿನಂತೆ ತುಸು ಹೊರಕ್ಕೆ ಬಾಗುತ್ತದೆ. ಚೌಕಟ್ಟು ದಪ್ಪಗಿದ್ದು ಹೊರಗೆ ತಗಡು ಹೊದಿಸಿದ ದೊಡ್ಡ ಗೇಟುಗಳಲ್ಲಿ ಇದು ಹೆಚ್ಚು. ಬೆಳಿಗ್ಗೆ ಸಲೀಸಾಗಿ ಕೂರುವ ಚಿಲಕ ಸಂಜೆ ತೂತಿಗೆ ಸೇರದೆ ಸತಾಯಿಸುವುದು ಹೀಗೆ. ಚಿಲಕದ ತೂತನ್ನು ಅರದಿಂದ ಒಂದಿಷ್ಟು ಅಗಲಿಸಿಕೊಂಡರೆ ಸಾಕು. ಸುತ್ತಿಗೆಯಿಂದ ಬಡಿಯುವ ಅಗತ್ಯವಿಲ್ಲ.

ಎಣ್ಣೆ ಮಾಡುವ ಉಪಕಾರ

ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿ ಇಡುವ ಜಾಗವನ್ನು ಒಮ್ಮೆ ಮುಟ್ಟಿ ನೋಡಿ. ಅಂಟಂಟು. ಅಡುಗೆ ಎಣ್ಣೆಗಳು ತೆಳ್ಳಗೆ ಹರಡಿ ಗಾಳಿಗೆ ಒಡ್ಡಿಕೊಂಡರೆ ಆಮ್ಲಜನಕದೊಂದಿಗೆ ಸೇರಿ ಕ್ರಮೇಣ ಅಂಟಾಗುತ್ತವೆ. ಶಾಖ ಹೆಚ್ಚಿದಷ್ಟೂ ಈ ಕೆಲಸ ಬೇಗ ಆಗುತ್ತದೆ. ಬಿಸಿಲಿಗೆ ಕಾದ ಶಟರಿನ ಚಾನಲ್ಲಿಗೆ ಸುರಿದ ಎಣ್ಣೆಯ ಗತಿಯೂ ಇದೇ. ಮೊದಲ ದಿನ ಬಾಗಿಲು ಬೆಣ್ಣೆಯಂತೆ ಜಾರುತ್ತದೆ, ವಾರದಲ್ಲಿ ರಸ್ತೆಯ ಧೂಳೆಲ್ಲ ಬಂದು ಅಂಟಿಕೊಳ್ಳುತ್ತದೆ, ತಿಂಗಳೊಳಗೆ ಚಾನಲ್ಲಿನಲ್ಲಿ ಕಪ್ಪು ಮೇಣದಂಥ ಪದರ ಕಟ್ಟುತ್ತದೆ. ಬಿಡಬೇಕಾಗಿದ್ದ ಜಾಗವನ್ನು ತುಂಬಿದ್ದು ಇದೇ ಪದರ!

ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಅದು ಅಂಟಾಗುವುದು ನಿಧಾನ, ನಿಜ. ಆದರೆ ಬಿಸಿಲಿಗೆ ನೀರಾಗಿ ಇಳಿದು ನೆಲಕ್ಕೆ, ಅಲ್ಲಿಂದ ಮಕ್ಕಳ ಅಂಗೈಗೆ, ಬಟ್ಟೆಗೆ ಹತ್ತುತ್ತದೆ. ಎಂಜಿನ್ನಿನ ಸವೆತದ ಲೋಹದ ಪುಡಿ, ಮಸಿ ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಮನೆಯ ಬಾಗಿಲಿಗೆ ತರದಿರುವುದೇ ವಾಸಿ.

ಸರಿಯಾದ ಕ್ರಮ ಇಷ್ಟು: ತಿರುಗುವ ಜಾಗಕ್ಕೆ ಗ್ರೀಸು, ಜಾರುವ ಜಾಗಕ್ಕೆ ಒಣ ಪುಡಿ. ಗ್ರೀಸೆಂದರೆ ಒಂದು ಬಗೆಯ ಸಾಬೂನಿನಲ್ಲಿ ಹಿಡಿದಿಟ್ಟ ಎಣ್ಣೆ, ಸ್ಪಂಜಿನಲ್ಲಿ ನೀರಿದ್ದ ಹಾಗೆ. ಗೇಟಿನ ಕೀಲು, ಚಕ್ರ, ಬೇರಿಂಗುಗಳಲ್ಲಿ ಅದು ಬಿಸಿಲಿಗೂ ಇಳಿಯದೆ ನಿಲ್ಲುತ್ತದೆ. ಪಟ್ಟಿ ಜಾರುವ ಚಾನಲ್ಲಿಗೆ ಮಾತ್ರ ಗ್ರೀಸು ಬೇಡ, ಧೂಳು ಹಿಡಿಯುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ ಅಥವಾ ಒಣಗಿ ನಿಲ್ಲುವ ಸಿಲಿಕೋನ್ ಸ್ಪ್ರೇ ಸಾಕು. ಮೇಣದಬತ್ತಿ ಉಜ್ಜುವ ಹಳೆಯ ರೂಢಿ ಚಳಿಗಾಲಕ್ಕೆ ಸರಿ. ಬೇಸಿಗೆಯಲ್ಲಿ ಪಡುವಣ ಬಾಗಿಲಿನ ಕಬ್ಬಿಣ ಮೇಣವನ್ನು ಕರಗಿಸುವಷ್ಟು ಕಾಯುತ್ತದೆ ಎಂಬುದನ್ನು ಮರೆಯಬಾರದು.

ಬೀಗದ ವಿಷಯದಲ್ಲಿ ವಿದ್ಯಾರ್ಥಿಗಳ ಕಂಪಾಸು ಪೆಟ್ಟಿಗೆಯಲ್ಲೇ ಔಷಧವಿದೆ. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಮೆದುವಾದ ಪೆನ್ಸಿಲ್ಲನ್ನು ಬೀಗದ ಕೈಯ ಎರಡೂ ಮಗ್ಗುಲಿಗೆ ಚೆನ್ನಾಗಿ ಉಜ್ಜಿ, ಬೀಗದೊಳಗೆ ನಾಲ್ಕಾರು ಬಾರಿ ಹಾಕಿ ತೆಗೆದರೆ ಬಿಗಿದ ಬೀಗ ಸಡಿಲವಾಗುವುದುಂಟು. ಮೈಸೂರು ರಸ್ತೆಯ ಉದ್ದಕ್ಕೂ ಕೆಂಗೇರಿಯತ್ತ ಸಾಗುವ ವೃಷಭಾವತಿಯ ದಡದವರಿಗೆ ಇನ್ನೊಂದು ತೊಂದರೆಯಿದೆ. ಬೇಸಿಗೆಯಲ್ಲಿ ಕೊಳಚೆಯಿಂದ ಏಳುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ತಾಮ್ರ, ಹಿತ್ತಾಳೆ, ಬೆಳ್ಳಿಗಳನ್ನು ಕಪ್ಪಾಗಿಸುವುದು ಈ ಅನಿಲದ ಗುಣ. ಹಿತ್ತಾಳೆಯ ಬೀಗಗಳನ್ನು ಅಲ್ಲಿಯವರು ಆಗಾಗ ಒರೆಸಿಡುವುದು ಒಳ್ಳೆಯದು.

ಮೇಲೆ ಕುಳಿತ ಶಕ್ತಿ

ಶಟರ್ ಎಷ್ಟು ಭಾರ? ಇದೂ ಲೆಕ್ಕಕ್ಕೆ ಸಿಗುತ್ತದೆ. ಒಂದು ಚದರ ಮೀಟರ್ ಅಗಲದ, ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸುಮಾರು 7.85 ಕಿಲೋ ತೂಗುತ್ತದೆ. ಎರಡೂವರೆ ಮೀಟರ್ ಅಗಲ, ಎರಡೂಕಾಲು ಮೀಟರ್ ಎತ್ತರದ ಶಟರೆಂದರೆ ಐದೂವರೆ ಚದರ ಮೀಟರಿಗೂ ಹೆಚ್ಚು. ತಗಡನ್ನು ಬಾಗಿಸಿ ಒಂದಕ್ಕೊಂದು ಕೊಂಡಿ ಹಾಕಿರುವುದರಿಂದ ಉಕ್ಕು ಇನ್ನೂ ಹೆಚ್ಚು ಬೇಕು. ಒಟ್ಟಿನಲ್ಲಿ ಒಂದು ಸಿಮೆಂಟ್ ಮೂಟೆಯಷ್ಟು, ಅಂದರೆ 50 ಕಿಲೋ, ಅಥವಾ ಅದಕ್ಕೂ ಮೇಲೆ ಎಂದುಕೊಳ್ಳಬಹುದು.

ಇಷ್ಟು ಭಾರವನ್ನು ಹತ್ತು ವರ್ಷದ ಹುಡುಗಿ ಒಂದೇ ಕೈಯಲ್ಲಿ ಎತ್ತುತ್ತಾಳಲ್ಲ, ಹೇಗೆ? ಮೇಲಿನ ಪೆಟ್ಟಿಗೆಯಲ್ಲಿ ಅಡಗಿರುವ ಸುರುಳಿ ಸ್ಪ್ರಿಂಗಿನಿಂದ. ಶಟರನ್ನು ಇಳಿಸುವಾಗ ಸ್ಪ್ರಿಂಗ್ ಸುತ್ತಿಕೊಂಡು ಶಕ್ತಿಯನ್ನು ಕೂಡಿಡುತ್ತದೆ. ಎತ್ತುವಾಗ ಅದೇ ಶಕ್ತಿಯನ್ನು ಹಿಂದಿರುಗಿಸುತ್ತದೆ. ಕೀಲಿ ಕೊಡುವ ಗಡಿಯಾರದ ತತ್ತ್ವವೇ. ಬಾಗಿಲು ಮುಚ್ಚಿರುವಾಗ ಆ ಸ್ಪ್ರಿಂಗ್ ಪೂರ್ತಿ ಬಿಗಿದಿರುತ್ತದೆ ಎಂಬುದನ್ನು ದೊಡ್ಡವರೂ ಮರೆಯುವುದುಂಟು.

ಶಟರ್ ಭಾರವಾದರೆ 'ಬಿಸಿಲಿಗೆ ಸ್ಪ್ರಿಂಗ್ ಸೋತಿದೆ' ಎನ್ನುವವರಿದ್ದಾರೆ. ಅರವತ್ತು ಡಿಗ್ರಿಯ ಬಿಸಿಗೆ ಉಕ್ಕಿನ ಸ್ಪ್ರಿಂಗ್ ಸೋಲುವುದಿಲ್ಲ. ಅದು ಸೋಲುವುದು ಸುತ್ತಿ ಬಿಚ್ಚಿ ದಣಿದು, ಮತ್ತು ತುಕ್ಕು ಹಿಡಿದು. ದಿನಕ್ಕೆ ನಾಲ್ಕು ಬಾರಿ ತೆರೆದು ಮುಚ್ಚಿದರೆ ವರ್ಷಕ್ಕೆ 1,460 ಸಲ, ಏಳು ವರ್ಷಕ್ಕೆ 10,000ಕ್ಕೂ ಹೆಚ್ಚು. ವಿದೇಶಗಳಲ್ಲಿ ಗ್ಯಾರೇಜ್ ಬಾಗಿಲಿನ ಸಾಮಾನ್ಯ ಸ್ಪ್ರಿಂಗುಗಳ ಆಯುಷ್ಯವನ್ನು 10,000 ಸುತ್ತುಗಳ ಲೆಕ್ಕದಲ್ಲಿ ಹೇಳುವ ವಾಡಿಕೆಯಿದೆ. ನಮ್ಮ ಮನೆಯ ಸ್ಪ್ರಿಂಗಿಗೆ ಎಷ್ಟು ವಯಸ್ಸಾಯಿತು ಎಂದು ಕೇಳಿಕೊಳ್ಳುವವರು ವಿರಳ.

ಪರೀಕ್ಷೆ ಸುಲಭ. ದೊಡ್ಡವರೊಬ್ಬರು ಶಟರನ್ನು ಸೊಂಟದ ಎತ್ತರಕ್ಕೆ ತಂದು, ಕೆಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಯನ್ನು ಹತ್ತಿರವೇ ಇಟ್ಟುಕೊಂಡು ಮೆಲ್ಲನೆ ಸಡಿಲಿಸಬೇಕು. ಅಲ್ಲೇ ನಿಂತರೆ ಸ್ಪ್ರಿಂಗ್ ಸರಿಯಿದೆ. ಧಡಾರನೆ ಇಳಿಯಲು ನೋಡಿದರೆ ಸೋತಿದೆ. ತಾನಾಗಿ ಮೇಲಕ್ಕೆ ಓಡಿದರೆ ಬಿಗಿ ಹೆಚ್ಚಾಗಿದೆ. ಎರಡೂ ಸಂದರ್ಭದಲ್ಲಿ ಮಾಡಬೇಕಾದ ಕೆಲಸ ಒಂದೇ: ಕಾಮಾಕ್ಷಿಪಾಳ್ಯವೋ ಮಾಗಡಿ ರಸ್ತೆಯೋ, ಹತ್ತಿರದ ಶಟರ್ ಕೆಲಸದವರನ್ನು ಕರೆಸುವುದು. ಸ್ಪ್ರಿಂಗಿನ ಪೆಟ್ಟಿಗೆಯನ್ನು ಮನೆಯವರು ಬಿಚ್ಚಲೇಬಾರದು. ಬಿಗಿದ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡರೆ ಕೈ ಮುರಿಯುವಷ್ಟು ಬಲ ಅದರಲ್ಲಿರುತ್ತದೆ. ಉಳಿದೆಲ್ಲ ಕೆಲಸವನ್ನೂ ಮನೆಮಂದಿ ಮಾಡಬಹುದು, ಇದೊಂದನ್ನು ಬಿಟ್ಟು.

ರಿಮೋಟಿನಿಂದ ಚಲಿಸುವ ಬಾಗಿಲುಗಳೂ ಈಗ ಸಾಕಷ್ಟು ಬಂದಿವೆ. ಅಮೆರಿಕದಲ್ಲಿ ಇಂಥ ಬಾಗಿಲುಗಳ ಅಡಿ ಸಿಕ್ಕಿ ಮಕ್ಕಳು ಸತ್ತ ಮೇಲೆ 1990ರಲ್ಲಿ ಕಾಯ್ದೆಯಾಯಿತು. 1993ರಿಂದ ಅಲ್ಲಿ ತಯಾರಾದ ಮನೆಬಳಕೆಯ ಪ್ರತಿಯೊಂದು ಯಂತ್ರವೂ ಅಡ್ಡ ಏನಾದರೂ ಸಿಕ್ಕರೆ ಹಿಂದಕ್ಕೆ ಸರಿಯಲೇಬೇಕು. ಕೆಳಗೆ ಎರಡೂ ಬದಿಗೆ ಇರುವ ಪುಟ್ಟ ಬೆಳಕಿನ ಕಣ್ಣುಗಳು ಅದಕ್ಕಾಗಿಯೇ. ಧೂಳು ಮುಸುಕಿದರೆ, ಇಲ್ಲವೆ ಸಂಜೆಯ ಬಿಸಿಲು ನೇರವಾಗಿ ಬಿದ್ದರೆ ಆ ಕಣ್ಣು ಕುರುಡಾಗಿ ಬಾಗಿಲು ಮುಚ್ಚದೆ ನಿಲ್ಲುವುದುಂಟು. ಒಣ ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಮರೆ ಮಾಡಬೇಕೇ ಹೊರತು ತೊಂದರೆ ಎಂದು ತಂತಿ ಕೀಳಿಸಬಾರದು. ಕರೆಂಟು ಹೋದಾಗ ಕೈಯಿಂದ ಬಿಡಿಸುವ ಹಿಡಿಕೆ ಎಲ್ಲಿದೆಯೆಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಕೈಯಿಂದ ಎಳೆಯುವ ಸಾಮಾನ್ಯ ಶಟರಿಗಾದರೋ ಇಂಥ ಕಣ್ಣಿಲ್ಲ. ಅದಕ್ಕೆ ಹೆತ್ತವರ ಕಣ್ಣೇ ಕಾವಲು.

ಜಾರುವ ಗೇಟು, ಮರದ ಕದ

ನೆಲದ ಹಳಿಯ ಮೇಲೆ ಜಾರುವ ಗೇಟಿನಲ್ಲಿ ನೋಡಬೇಕಾದ್ದು ಮೂರು. ಹಳಿಯಲ್ಲಿ ಮಣ್ಣು, ಜಲ್ಲಿ ಸೇರಿರಬಾರದು. ಗೇಟು ವಾಲದಂತೆ ಮೇಲೆ ಹಿಡಿದಿರುವ ರೋಲರ್ ಗಟ್ಟಿಯಾಗಿರಬೇಕು. ಹಳಿಯ ಎರಡೂ ತುದಿಗೆ ಗೇಟನ್ನು ತಡೆಯುವ ಕಬ್ಬಿಣದ ತಡೆ ಇರಲೇಬೇಕು. ಈ ತಡೆ ಕಿತ್ತುಹೋಗಿದ್ದಾಗ ಬಿಗಿದ ಗೇಟನ್ನು ಜೋರಾಗಿ ನೂಕಿದರೆ ಅದು ಹಳಿ ತಪ್ಪಿ ನೂಕಿದವರ ಮೇಲೆಯೇ ಮಗುಚಬಹುದು. ರಜೆಯಲ್ಲಿ ಮಕ್ಕಳಿಗೆ ಗೇಟೇ ಉಯ್ಯಾಲೆ. ಗೇಟು ಜೋತಾಡುವ ವಸ್ತುವಲ್ಲ ಎಂದು ಗದರುವುದರ ಜೊತೆಗೆ ಅದು ಬೀಳದಂತಿದೆಯೇ ಎಂದು ನೋಡುವುದೂ ದೊಡ್ಡವರ ಕೆಲಸ.

ಹಳೆಯ ಮನೆಗಳ ಮರದ ಕದದ ನಡೆ ಇದಕ್ಕೆ ತದ್ವಿರುದ್ಧ. ಮರ ಲೆಕ್ಕ ಇಡುವುದು ಬಿಸಿಯನ್ನಲ್ಲ, ತೇವವನ್ನು. ಬೇಸಿಗೆಯ ಒಣ ಹವೆಗೆ ಅದು ಕುಗ್ಗಿ ಸಂದು ಬಿಡುತ್ತದೆ. ಮಳೆಗಾಲದಲ್ಲಿ ತೇವ ಹೀರಿ ಅಡ್ಡಕ್ಕೆ ಉಬ್ಬಿ ಬಿಗಿಯುತ್ತದೆ. ಜುಲೈಯಲ್ಲಿ ಬಿಗಿಯಿತೆಂದು ಹತ್ತರಿ ಹೊಡೆಸಿದರೆ ಮುಂದಿನ ಏಪ್ರಿಲ್‌ನಲ್ಲಿ ಹಲ್ಲಿ ಹಾವುಗಳಿಗೆ ದಾರಿಯಾಗುವಷ್ಟು ಸಂದಾಗುತ್ತದೆ. ಬದಲಿಗೆ ಬೇಸಿಗೆಯಲ್ಲೇ, ಮರ ಚೆನ್ನಾಗಿ ಒಣಗಿರುವಾಗ, ಕದದ ಮೇಲಂಚು ಕೆಳಂಚುಗಳನ್ನೂ ಬಿಡದಂತೆ ಬಣ್ಣವನ್ನೋ ವಾರ್ನಿಷನ್ನೋ ಬಳಿದರೆ ಮಳೆಗಾಲದ ತೇವ ಸುಲಭವಾಗಿ ಒಳಹೋಗದು.

ಬಣ್ಣದ ಮಾತು

ಕಬ್ಬಿಣಕ್ಕೆ ಬಣ್ಣ ಬಳಿಯಲು ಮುಂಗಾರಿಗೆ ಮುಂಚಿನ ಈ ಒಣ ದಿನಗಳೇ ಸರಿ. ಆದರೆ ಸುಡುವ ಕಬ್ಬಿಣದ ಮೇಲೆ ಬಳಿದರೆ ಬಣ್ಣದ ಮೇಲ್ಪದರ ಬೇಗ ಒಣಗಿ ಒಳಗೆ ಗುಳ್ಳೆ ಏಳುತ್ತದೆ. ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ಶುರುಮಾಡಿ ಬಿಸಿಲು ಏರುವ ಮುನ್ನ ಮುಗಿಸಬೇಕು. ತುಕ್ಕನ್ನು ತಂತಿ ಬ್ರಷ್ಷಿನಿಂದಲೂ ಉಜ್ಜುಕಾಗದದಿಂದಲೂ ತೆಗೆದು, ಮೊದಲು ರೆಡ್ ಆಕ್ಸೈಡ್, ಅದರ ಮೇಲೆ ಎರಡು ಸಲ ಎನಾಮಲ್. ಹಣ ಉಳಿಸಲು ರೆಡ್ ಆಕ್ಸೈಡಿಗೇ ನಿಲ್ಲಿಸುವವರು ಮಾರನೆಯ ವರ್ಷ ಮತ್ತೆ ತುಕ್ಕು ಕಾಣುತ್ತಾರೆ.

ಹಳೆಯ ಗೇಟುಗಳ ಬಣ್ಣ ಕೆರೆಯುವಾಗ ಒಂದು ಎಚ್ಚರ ಬೇಕು. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಕೂಡದೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವಾದರೆ ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಉದುರಿದ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆಯಬೇಕು. ಸೀಸದ ಪುಡಿ ಬೆಳೆಯುವ ಮಕ್ಕಳ ಮಿದುಳಿಗೆ ಮಾರಕ. ಈ ಒಂದು ಕೆಲಸದ ಹೊತ್ತಿಗೆ ಮಕ್ಕಳು ದೂರವಿರಲಿ.

ಬಣ್ಣ ಯಾವುದು ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳೇ ಉತ್ತರ ಕಂಡುಕೊಳ್ಳಬಹುದು. ಒಂದೇ ಅಳತೆಯ ಎರಡು ತಗಡಿನ ಡಬ್ಬಿ ತೆಗೆದುಕೊಂಡು ಒಂದಕ್ಕೆ ಕಪ್ಪು, ಒಂದಕ್ಕೆ ಬಿಳಿ ಬಣ್ಣ ಬಳಿಯಿರಿ. ಎರಡಕ್ಕೂ ಸಮನಾಗಿ ನೀರು ತುಂಬಿ, ಮುಚ್ಚಳ ಹಾಕಿ, ಒಂದು ಗಂಟೆ ಬಿಸಿಲಿನಲ್ಲಿಟ್ಟು ಬೆರಳದ್ದಿ ನೋಡಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪ 39.2 ಡಿಗ್ರಿ ಮುಟ್ಟಿತ್ತು. ಅಂಥ ಬೇಸಿಗೆಗಳಲ್ಲಿ ಕಪ್ಪು ಗೇಟಿಗಿಂತ ತಿಳಿ ಬೂದಿಯೋ ಕೆನೆಬಣ್ಣವೋ ಎಷ್ಟು ಮೇಲು ಎಂಬುದನ್ನು ಆ ಡಬ್ಬಿಯೇ ಹೇಳುತ್ತದೆ.

ಒಂದು ಭಾನುವಾರದ ಕೆಲಸ

ಇಷ್ಟೆಲ್ಲಕ್ಕೆ ಬೇಕಾದ್ದು ರಜೆಯ ಒಂದು ಭಾನುವಾರ ಬೆಳಿಗ್ಗೆ. ಕಬ್ಬಿಣ ತಣ್ಣಗಿರುವ ಏಳು ಗಂಟೆಗೆ ತಂದೆ-ತಾಯಿ, ಮಕ್ಕಳು ಜೊತೆಯಾಗಿ ಬಾಗಿಲೆದುರು ನಿಲ್ಲಲಿ. ಮೊದಲು ಚಾನಲ್ಲುಗಳನ್ನು ಟಾರ್ಚು ಹಾಕಿ ನೋಡಬೇಕು. ಬಣ್ಣ ಹೋಗಿ ಕಬ್ಬಿಣ ಫಳಫಳ ಹೊಳೆಯುವ ಗೆರೆ ಎಲ್ಲಿದೆಯೋ ಅಲ್ಲಿ ಪಟ್ಟಿ ಉಜ್ಜುತ್ತಿದೆ ಎಂದರ್ಥ. ಹೊಳಪು ಒಂದೇ ಬದಿಗಿದ್ದರೆ ಪಟ್ಟಿಗಳು ಆ ಕಡೆಗೆ ಸರಿದಿವೆ. ಅವುಗಳ ತುದಿಯ ಕೊಂಡಿಗಳು ಉದುರಿರುವ ಸಂಭವ ಹೆಚ್ಚು, ಕೆಲಸದವರಿಗೆ ಅದನ್ನೇ ತೋರಿಸಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಹಳೆಯ ಜಿಡ್ಡನ್ನು ಕೋಲಿಗೆ ಸುತ್ತಿದ ಬಟ್ಟೆಗೆ ತುಸು ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಹಾಕಿ ಒರೆಸಬೇಕು. ಹತ್ತಿರ ಬೆಂಕಿ ಇರಕೂಡದು. ಚಾನಲ್ಲು ಪೂರ್ತಿ ಒಣಗಿದ ಮೇಲೆ ಗ್ರಾಫೈಟ್, ಕೀಲುಗಳಿಗೆ ಗ್ರೀಸು, ಬೀಗಕ್ಕೆ ಪೆನ್ಸಿಲ್. ಶಟರನ್ನು ಎತ್ತುವಾಗ ಒಂದು ಮೂಲೆಯಿಂದಲ್ಲ, ನಡುವಿನ ಹಿಡಿಯಿಂದ ನೆಟ್ಟಗೆ ಎತ್ತುವುದನ್ನು ಮಕ್ಕಳಿಗೆ ಕಲಿಸಿಕೊಡಬೇಕು. ಪಟ್ಟಿಗಳ ಸಂದಿಗೆ ಬೆರಳು ಹಾಕಕೂಡದೆಂಬುದನ್ನೂ.

ಕೊನೆಯದಾಗಿ ಇನ್ನೊಂದು ಮಾತು. ಕಾರಿಲ್ಲದ ಎಷ್ಟೋ ಶೆಡ್ಡುಗಳಲ್ಲಿ ಇಂದು ಮನೆಪಾಠ ನಡೆಯುತ್ತದೆ, ಹೊಲಿಗೆ ಯಂತ್ರ ಓಡುತ್ತದೆ. ಬಿಸಿಲೆಂದು ಶಟರನ್ನು ಅರ್ಧ ಎಳೆದು ಒಳಗೆ ಹತ್ತಿಪ್ಪತ್ತು ಮಕ್ಕಳು ಕೂತಿರುವುದುಂಟು. ಹೊರಬರಲು ಅದೊಂದೇ ದಾರಿಯಾಗಿದ್ದು, ಅದೇ ಬಿಗಿದುಕೊಂಡರೆ? ಅಂಥ ಕೋಣೆಗೆ ಇನ್ನೊಂದು ಬಾಗಿಲಿದೆಯೇ, ಅದು ತೆರೆಯುತ್ತದೆಯೇ ಎಂದು ಮಗುವನ್ನು ಸೇರಿಸುವ ಮುನ್ನವೇ ಪೋಷಕರು ಕೇಳಬೇಕು. ಪಾಠದ ಹೊತ್ತಿನಲ್ಲಿ ಶಟರ್ ಪೂರ್ತಿ ಮೇಲಿರಲಿ, ಬಿಸಿಲಿಗೆ ಗೋಣಿತಾಟಿನ ಪರದೆ ಸಾಕು.

ಬಿಸಿಲನ್ನು ಯಾರೂ ತಡೆಯಲಾರರು. ಅದು ಕೇಳುವುದು ಒಂದು ಮಿಲಿಮೀಟರ್ ಜಾಗ ಮಾತ್ರ. ಆ ಜಾಗವನ್ನು ಚೊಕ್ಕಟವಾಗಿ ಬಿಟ್ಟುಕೊಟ್ಟ ಮನೆಯಲ್ಲಿ, ಸಂಜೆ ಐದಕ್ಕೆ ಹಾರ್ನ್ ಕೇಳಿದಾಗ ಓಡಿಬರುವ ಮಗುವಿನ ಕೈಗೆ ಬಾಗಿಲು ಹಗುರವಾಗಿ ತೆರೆದುಕೊಳ್ಳುತ್ತದೆ.